ಫ್ಲಾಪ್ ಸಿನಿಮಾಗಳ ಸೆಕೆಂಡ್ ಇನ್ನಿಂಗ್ಸ್

ಥಿಯೇಟರಲ್ಲಿ ಸೋತ ಸಿನಿಮಾ ಒಂದು ಹತ್ತು ವರ್ಷ ಆದ್ಮೇಲೆ ಎಲ್ಲರ ಫೇವರಿಟ್ ಆದ್ರೆ ನಾವು ಸಾಮಾನ್ಯವಾಗಿ ಹೇಳೋ ಮಾತು ಒಂದೇ: "ಅದು ಆ ಕಾಲಕ್ಕೆ ತುಂಬಾ ಮುಂದಿತ್ತು, ಜನಕ್ಕೆ ಅರ್ಥ ಆಗಲಿಲ್ಲ." ಕೇಳೋಕೆ ಚೆನ್ನಾಗಿದೆ. ಹೇಳಿದವರಿಗೆ ತಾವು ಬುದ್ಧಿವಂತರು ಅನ್ನೋ ಖುಷಿನೂ ಸಿಗುತ್ತೆ. ಆದರೆ ಇಂಥ ಸಿನಿಮಾಗಳ ಹಿಸ್ಟರಿ ನೋಡ್ತಾ ಹೋದ್ರೆ ಬೇರೆ ವಿಷಯ ಕಾಣುತ್ತೆ. ಬಹಳಷ್ಟು ಸಲ ಜನ ಆ ಸಿನಿಮಾ ನೋಡಿ ಬೇಡ ಅಂದಿರಲ್ಲ. ನೋಡೋಕೇ ಹೋಗಿರಲ್ಲ. ಆಮೇಲೆ ಯಾವುದೋ ಇನ್ನೊಂದು ದಾರಿಯಲ್ಲಿ ಅದು ಅವರ ಮನೆಗೇ ಬಂದಿರುತ್ತೆ. ಆ ಇನ್ನೊಂದು ದಾರಿ ಯಾವುದು ಅನ್ನೋದೇ ಈ ಲೇಖನದ ವಿಷಯ.

ಬಾಕ್ಸ್ ಆಫೀಸ್ ಏನನ್ನ ಅಳೆಯುತ್ತೆ?

ಮೊದಲು ಎಲ್ಲರಿಗೂ ಗೊತ್ತಿರೋ ಉದಾಹರಣೆ ತಗೊಳ್ಳೋಣ. 'ದಿ ಶಾಶಾಂಕ್ ರಿಡೆಂಪ್ಷನ್', 1994. ಐಎಂಡಿಬಿಯ ಟಾಪ್ 250 ಪಟ್ಟಿಯಲ್ಲಿ ಎಷ್ಟೋ ವರ್ಷಗಳಿಂದ ಮೊದಲನೇ ಸ್ಥಾನದಲ್ಲಿ ಕೂತಿರೋ ಸಿನಿಮಾ. ಇದರ ಬಜೆಟ್ ಸುಮಾರು 2.5 ಕೋಟಿ ಡಾಲರ್. ಮೊದಲ ರನ್‌ನಲ್ಲಿ ಅಮೆರಿಕದ ಥಿಯೇಟರ್‌ಗಳಲ್ಲಿ ಬಂದದ್ದು ಸುಮಾರು 1.6 ಕೋಟಿ. ಅದರಲ್ಲೂ ಥಿಯೇಟರ್‌ನವರ ಪಾಲು ಕಳೀಬೇಕು. ಅಂದ್ರೆ ಪಕ್ಕಾ ಫ್ಲಾಪ್.

ಸಿನಿಮಾದಲ್ಲಿ ತಪ್ಪು ಏನಿತ್ತು? ವಿಮರ್ಶಕರು ಹೆಚ್ಚಿನವರು ಹೊಗಳಿದ್ದರು. ಆದರೆ ಹೊರಗಿಂದ ನೋಡಿದವರಿಗೆ ಕಂಡದ್ದೇನು? ಜೈಲಿನ ಕತೆ, ಎರಡು ಗಂಟೆಗೂ ಜಾಸ್ತಿ ಉದ್ದ, ಫೈಟ್ ಇಲ್ಲ, ಹೀರೋಯಿನ್ ಇಲ್ಲ, ಟೈಟಲ್ ಅಂತೂ ಬಾಯಲ್ಲಿ ತಿರುಗಲ್ಲ. ಅದರ ಮೇಲೆ ಅಕ್ಟೋಬರ್‌ನಲ್ಲಿ ದೇಶದಾದ್ಯಂತ ರಿಲೀಸ್ ಆದ ದಿನವೇ ಕ್ವೆಂಟಿನ್ ಟ್ಯಾರಂಟಿನೊ 'ಪಲ್ಪ್ ಫಿಕ್ಷನ್' ಕೂಡ ಬಂತು. ಜುಲೈನಲ್ಲಿ ಬಂದ 'ಫಾರೆಸ್ಟ್ ಗಂಪ್' ಇನ್ನೂ ಓಡ್ತಾನೇ ಇತ್ತು. ಟಿಕೆಟ್‌ಗೆ ದುಡ್ಡು ಕೊಡೋನು ಯಾವುದಕ್ಕೆ ಹೋಗ್ತಾನೆ?

ನಾವು ಲ್ಯಾಬಲ್ಲಿ ಮೊದಲು ಕಲಿಯೋ ಪಾಠ ಇಲ್ಲೂ ಕೆಲಸಕ್ಕೆ ಬರುತ್ತೆ. ರೀಡಿಂಗ್ ತಗೊಳ್ಳೋ ಮುಂಚೆ ಆ ಮೀಟರ್ ನಿಜವಾಗ್ಲೂ ಏನನ್ನ ಅಳೀತಿದೆ ಅಂತ ತಿಳ್ಕೊಬೇಕು. ಮೊದಲ ವಾರದ ಕಲೆಕ್ಷನ್ ಅಳೆಯೋದು ಪೋಸ್ಟರ್, ಹೀರೋ ಹೆಸರು, ರಿಲೀಸ್ ಡೇಟ್, ಪಕ್ಕದ ಸ್ಕ್ರೀನಲ್ಲಿ ಏನಿದೆ ಅನ್ನೋದನ್ನ. ಟಿಕೆಟ್ ತಗೊಳ್ಳೋವಾಗ ಯಾರೂ ಸಿನಿಮಾ ನೋಡಿರಲ್ವಲ್ಲ! ಸಿನಿಮಾ ಹೇಗಿದೆ ಅನ್ನೋ ಸುದ್ದಿ ಬಾಯಿಂದ ಬಾಯಿಗೆ ಹರಡೋಕೆ ಟೈಮ್ ಬೇಕು. ಅಷ್ಟರಲ್ಲಿ ಸ್ಕ್ರೀನ್ ಬೇರೆ ಸಿನಿಮಾಗೆ ಹೋಗಿರುತ್ತೆ.

1982ರ ಜೂನ್ 25ಕ್ಕೆ ಇದೇ ಆಯ್ತು. ಒಂದೇ ದಿನ ರಿಡ್ಲಿ ಸ್ಕಾಟ್ ಅವರ 'ಬ್ಲೇಡ್ ರನ್ನರ್', ಜಾನ್ ಕಾರ್ಪೆಂಟರ್ ಅವರ 'ದಿ ಥಿಂಗ್' ಎರಡೂ ರಿಲೀಸ್. ಎರಡು ವಾರ ಮುಂಚೆ ಸ್ಪೀಲ್‌ಬರ್ಗ್ ಅವರ 'ಇ.ಟಿ.' ಬಂದಿತ್ತು. ಮುದ್ದಾದ ಏಲಿಯನ್ ನೋಡಿ ಅಳ್ತಿದ್ದ ಜನಕ್ಕೆ ಮನುಷ್ಯರ ಮೈಯೊಳಗೆ ಹೊಕ್ಕು ಕೊಲ್ಲೋ ಏಲಿಯನ್ ಬೇಕಾಗಿರಲಿಲ್ಲ. ಇವತ್ತು ಸೈ-ಫೈ ಇಷ್ಟಪಡೋರ ಯಾವ ಲಿಸ್ಟ್ ತೆಗೆದ್ರೂ ಆ ಎರಡೂ ಇರುತ್ತೆ.

ಎರಡನೇ ದಾರಿ ತೆರೆಯೋದು ಹೇಗೆ?

ಶಾಶಾಂಕ್ ಸಿನಿಮಾಗೆ ಏಳು ಆಸ್ಕರ್ ನಾಮಿನೇಷನ್ ಬಂತು. ಒಂದೂ ಗೆಲ್ಲಲಿಲ್ಲ, ಆದ್ರೆ ಹೆಸರು ಕಿವಿಗೆ ಬಿತ್ತು. 1995ರಲ್ಲಿ ವಿಡಿಯೊ ಕ್ಯಾಸೆಟ್ ಬಂದಾಗ ಅಮೆರಿಕದಲ್ಲಿ ಅತಿ ಹೆಚ್ಚು ಬಾಡಿಗೆಗೆ ಹೋದ ಸಿನಿಮಾಗಳಲ್ಲಿ ಇದೂ ಸೇರಿತು. 1997ರಿಂದ ಟಿಎನ್‌ಟಿ ಅನ್ನೋ ಕೇಬಲ್ ಚಾನೆಲ್ ಇದನ್ನ ಮತ್ತೆ ಮತ್ತೆ ಹಾಕೋಕೆ ಶುರು ಮಾಡ್ತು. ಯಾಕೆ ಗೊತ್ತಾ? ಸಿನಿಮಾ ಮಾಡಿದ ಕ್ಯಾಸಲ್ ರಾಕ್ ಕಂಪನಿಯನ್ನ ಆ ಚಾನೆಲ್‌ನ ಮಾಲೀಕ ಟೆಡ್ ಟರ್ನರ್ ಅವರೇ ಕೊಂಡಿದ್ದರು. ಮನೆಯ ಸಿನಿಮಾ, ಹಾಕೋಕೆ ಖರ್ಚು ಕಮ್ಮಿ. ಚಾನೆಲ್ ತಿರುಗಿಸ್ತಾ ತಿರುಗಿಸ್ತಾ ಮಧ್ಯದಿಂದ ನೋಡೋಕೆ ಕೂತವರು ಕೊನೆವರೆಗೂ ಏಳಲಿಲ್ಲ.

ಇದಕ್ಕಿಂತ ಮಜಾ ಇರೋದು ಫ್ರಾಂಕ್ ಕಾಪ್ರಾ ಅವರ 'ಇಟ್ಸ್ ಎ ವಂಡರ್‌ಫುಲ್ ಲೈಫ್' ಕತೆ. 1946ರ ಡಿಸೆಂಬರ್‌ನಲ್ಲಿ ಬಂದ ಸಿನಿಮಾ, ಹಾಕಿದ ದುಡ್ಡು ವಾಪಸ್ ಬರಲಿಲ್ಲ. ಆಗಿನ ಅಮೆರಿಕದ ಕಾನೂನಿನ ಪ್ರಕಾರ ಕಾಪಿರೈಟ್ 28 ವರ್ಷ ಇರುತ್ತಿತ್ತು, ಆಮೇಲೆ ಅರ್ಜಿ ಹಾಕಿ ರಿನ್ಯೂ ಮಾಡಿಸಬೇಕಿತ್ತು. 1974ರಲ್ಲಿ ಅದನ್ನ ಯಾರೂ ಮಾಡಿಸಲಿಲ್ಲ. ಆಫೀಸಿನ ಒಂದು ಪೇಪರ್ ಕೆಲಸ ಬಿಟ್ಟುಹೋಯ್ತು, ಅಷ್ಟೇ! ಆಗ ಟಿವಿ ಸ್ಟೇಷನ್‌ಗಳಿಗೆ ಹಬ್ಬ. ಕ್ರಿಸ್‌ಮಸ್ ಹಿನ್ನೆಲೆಯ ಸಿನಿಮಾ, ದುಡ್ಡೇ ಕೊಡಬೇಕಾಗಿಲ್ಲ. ಪ್ರತಿ ಡಿಸೆಂಬರ್‌ನಲ್ಲಿ ಹತ್ತಾರು ಸ್ಟೇಷನ್‌ಗಳು ಅದನ್ನೇ ಹಾಕಿದವು. ಒಂದು ತಲೆಮಾರು ಅದನ್ನ ನೋಡಿಕೊಂಡೇ ಬೆಳೀತು. 1993ರಲ್ಲಿ ಮೂಲ ಕತೆಯ ಹಕ್ಕಿನ ಆಧಾರದ ಮೇಲೆ ರಿಪಬ್ಲಿಕ್ ಪಿಕ್ಚರ್ಸ್ ಕಂಪನಿ ಮತ್ತೆ ಹಿಡಿತ ತಗೊಳ್ಳೋ ಹೊತ್ತಿಗೆ ಸಿನಿಮಾ ಅಮೆರಿಕದ ಕ್ರಿಸ್‌ಮಸ್‌ನ ಭಾಗವೇ ಆಗಿಹೋಗಿತ್ತು.

ಎರಡೂ ಕಡೆ ಆದದ್ದು ಒಂದೇ. ಸಿನಿಮಾ ಬದಲಾಗಲಿಲ್ಲ. ಅದನ್ನ ಒಂದು ಸಲ ಟ್ರೈ ಮಾಡೋಕೆ ಆಗೋ ಖರ್ಚು ಹೆಚ್ಚುಕಮ್ಮಿ ಸೊನ್ನೆಗೆ ಇಳೀತು.

ಕಲ್ಟ್ ಅಂದ್ರೆ ಬರೀ ಲೇಟಾಗಿ ಹಿಟ್ ಆಗೋದಲ್ಲ

'ಕಲ್ಟ್' ಅನ್ನೋ ಪದಕ್ಕೆ ಇನ್ನೊಂದು ಅರ್ಥವೂ ಸೇರಿದೆ. ನೋಡಿದವರು ಸುಮ್ಮನಿರಲ್ಲ, ಸಿನಿಮಾನ ತಮ್ಮದು ಮಾಡ್ಕೊಳ್ತಾರೆ. 'ದಿ ರಾಕಿ ಹಾರರ್ ಪಿಕ್ಚರ್ ಶೋ' 1975ರಲ್ಲಿ ಸೋತಿತ್ತು. 1976ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್‌ನ ವೇವರ್ಲಿ ಥಿಯೇಟರ್ ಅದನ್ನ ಮಧ್ಯರಾತ್ರಿ ಶೋಗೆ ಹಾಕಿತು. ಬಂದವರೇ ಮತ್ತೆ ಬಂದರು. ಪರದೆಗೆ ಎದುರುತ್ತರ ಕೊಡೋಕೆ ಶುರು ಮಾಡಿದರು, ಪಾತ್ರಗಳ ಥರ ಡ್ರೆಸ್ ಹಾಕಿ ಬಂದರು. ಇವತ್ತಿಗೂ ಅದರ ಶೋಗಳು ನಡೀತಿವೆ.

ನಮ್ಮ ಹಾಸ್ಟೆಲ್‌ಗಳಲ್ಲಿ 'ಅಂದಾಜ್ ಅಪ್ನಾ ಅಪ್ನಾ' ಡೈಲಾಗ್ ಹೊಡೆಯೋದೂ ಇದೇ ಜಾತಿ. 1994ರಲ್ಲಿ ಆಮಿರ್, ಸಲ್ಮಾನ್ ಇಬ್ಬರೂ ಇದ್ದು ಓಡದ ಸಿನಿಮಾ ಅದು. ಟಿವಿಯಲ್ಲಿ ನೋಡಿ ನೋಡಿ ಬಾಯಿಪಾಠ ಆದದ್ದು.

ಮಲ್ಪೆಯ ಕತೆ

ಕನ್ನಡದಲ್ಲಿ ಈ ಮಾತು ಬಂದ್ರೆ ಮೊದಲು ನೆನಪಾಗೋದು ರಕ್ಷಿತ್ ಶೆಟ್ಟಿಯವರ 'ಉಳಿದವರು ಕಂಡಂತೆ'. 2014ರ ಮಾರ್ಚ್‌ನಲ್ಲಿ ಬಂತು. ಅದಕ್ಕೆ ಹಿಂದಿನ ವರ್ಷ ಸುನಿ ನಿರ್ದೇಶನದ 'ಸಿಂಪಲ್ಲಾಗ್ ಒಂದ್ ಲವ್ ಸ್ಟೋರಿ' ಹಿಟ್ ಆಗಿ, ರಕ್ಷಿತ್ ಅಂದ್ರೆ ಮಾತಿನ ಮಲ್ಲ, ಲವ್ವರ್ ಬಾಯ್ ಅನ್ನೋ ಇಮೇಜ್ ಬಂದಿತ್ತು. ಅದೇ ನಿರೀಕ್ಷೆಯಲ್ಲಿ ಥಿಯೇಟರ್‌ಗೆ ಹೋದವರಿಗೆ ಸಿಕ್ಕಿದ್ದು ಮಲ್ಪೆಯ ಕಡಲು, ಕೃಷ್ಣ ಜನ್ಮಾಷ್ಟಮಿ, ಹುಲಿವೇಷ, ಕರಾವಳಿ ಕನ್ನಡ, ಒಂದೇ ಘಟನೆ ಬೇರೆ ಬೇರೆಯವರ ಕಣ್ಣಲ್ಲಿ. ಕತೆಯನ್ನ ನಾವೇ ಜೋಡಿಸ್ಕೊಬೇಕು. ಅವತ್ತು ಅದಕ್ಕೆ ದೊಡ್ಡ ಓಟ ಸಿಗಲಿಲ್ಲ.

ಆಮೇಲೆ 2016ರ ಕೊನೆಗೆ 'ಕಿರಿಕ್ ಪಾರ್ಟಿ' ಬಂತು. ಇಂಜಿನಿಯರಿಂಗ್ ಕಾಲೇಜ್‌ನ ಕತೆ, ನಮಗೆ ಬೇರೆ ಹೇಳಬೇಕಾಗಿಲ್ಲ. ಅದನ್ನ ಇಷ್ಟಪಟ್ಟವರು ಇವರದ್ದೇ ಹಳೇ ಸಿನಿಮಾ ಯಾವುದಿದೆ ಅಂತ ಹುಡುಕಿಕೊಂಡು ಹಿಂದಕ್ಕೆ ಹೋದರು. 2022ರಲ್ಲಿ 'ಕಾಂತಾರ' ಬಂದಾಗ ಇನ್ನೊಂದು ಗುಂಪು ಹೋಯ್ತು, ಯಾಕಂದ್ರೆ ರಿಷಬ್ ಶೆಟ್ಟಿ, ಸಂಗೀತದ ಅಜನೀಶ್ ಲೋಕನಾಥ್ ಇಬ್ಬರೂ ಮಲ್ಪೆಯ ಆ ಸಿನಿಮಾದಲ್ಲೇ ಇದ್ದವರು. 2014ರಲ್ಲಿ ನಾವೆಲ್ಲ ಪ್ರೈಮರಿ ಸ್ಕೂಲಲ್ಲಿದ್ವಿ. ನಮ್ಮ ಬ್ಯಾಚಲ್ಲಿ ಅದನ್ನ ಥಿಯೇಟರಲ್ಲಿ ನೋಡಿದವರು ಎಷ್ಟು ಜನ ಇರಬಹುದು? ಲ್ಯಾಪ್‌ಟಾಪಲ್ಲಿ, ಯಾರೋ ಸೀನಿಯರ್ "ಇದೊಂದು ನೋಡ್ಲೇಬೇಕು ಮಗಾ" ಅಂದದ್ದಕ್ಕೆ ನೋಡಿದವರೇ ಜಾಸ್ತಿ. ಇಲ್ಲಿ ಟಿಎನ್‌ಟಿ ಚಾನೆಲ್‌ನ ಕೆಲಸ ಮಾಡಿದ್ದು ಆ ಸೀನಿಯರ್.

ಹಾಗಾದ್ರೆ ಒಳ್ಳೇದು ಯಾವತ್ತಾದ್ರೂ ಗೆಲ್ಲುತ್ತಾ?

ಇಲ್ಲ. ಇಲ್ಲೇ ಹುಷಾರಾಗಿರಬೇಕು. ಸೋತು ಗೆದ್ದ ಸಿನಿಮಾಗಳ ಹೆಸರು ಮಾತ್ರ ನಮಗೆ ಗೊತ್ತಿರೋದು. ಚೆನ್ನಾಗಿದ್ದೂ ಸೋತು, ಹಾಗೇ ಮರೆತುಹೋದ ಸಿನಿಮಾಗಳ ಲಿಸ್ಟ್ ಯಾರ ಹತ್ರನೂ ಇಲ್ಲ. "ಕಾಲವೇ ಉತ್ತರ ಹೇಳುತ್ತೆ" ಅಂತಾರೆ, ಆದ್ರೆ ಕಾಲ ತಾನಾಗೇ ಏನೂ ಮಾಡಲ್ಲ. ಮೇಲಿನ ಪ್ರತಿ ಕತೆಯಲ್ಲೂ ಎರಡು ವಿಷಯ ಇದ್ದವು: ಸಿನಿಮಾದ ಕಾಪಿ ಎಲ್ಲೋ ಸಿಗ್ತಾ ಇತ್ತು, ಮತ್ತು ಯಾರೋ ಒಬ್ಬರು ಅದನ್ನ ಇನ್ನೊಬ್ಬರಿಗೆ ತೋರಿಸಿದರು. ಇದರಲ್ಲಿ ಒಂದು ಇಲ್ಲದಿದ್ರೂ ಸೆಕೆಂಡ್ ಇನ್ನಿಂಗ್ಸ್ ಇಲ್ಲ.

ಕನ್ನಡಕ್ಕೆ ಇದು ಸಣ್ಣ ವಿಷಯ ಅಲ್ಲ. ನಮ್ಮ ಮೊದಲ ಟಾಕಿ ಸಿನಿಮಾ 'ಸತಿ ಸುಲೋಚನ', 1934ರದ್ದು. ಜನ ಮುಗಿಬಿದ್ದು ನೋಡಿದ ಸಿನಿಮಾ. ಅದರ ಪ್ರಿಂಟ್ ಇವತ್ತು ಉಳಿದಿಲ್ಲ. ಗೆದ್ದ ಸಿನಿಮಾನೇ ಉಳಿಯದಿದ್ರೆ ಸೋತವುಗಳ ಗತಿ ಏನು? ಈಗ ಒಟಿಟಿ ಇದೆಯಲ್ಲ ಅನ್ನಬಹುದು. ಆದ್ರೆ ಅಲ್ಲೂ ಕನ್ನಡದ ಕಂಟೆಂಟ್‌ಗೆ ಜಾಗ ಸಿಗೋದು ಸುಲಭ ಇಲ್ಲ. ರಕ್ಷಿತ್ ಅವರ ಸಂಸ್ಥೆಯೇ ಮಾಡಿದ 'ಏಕಂ' ಸರಣಿಯನ್ನ ಯಾವ ಪ್ಲಾಟ್‌ಫಾರ್ಮೂ ತಗೊಳ್ಳದೆ, 2024ರಲ್ಲಿ ತಮ್ಮದೇ ವೆಬ್‌ಸೈಟಲ್ಲಿ ಬಿಡಬೇಕಾಯ್ತು. ಹೆಸರಿದ್ದವರಿಗೇ ಹೀಗೆ ಅಂದ್ರೆ, ಈ ವರ್ಷ ಒಂದೇ ವಾರ ಓಡಿ ಹೋದ ಹೊಸಬರ ಸಿನಿಮಾನ ಹತ್ತು ವರ್ಷ ಆದ್ಮೇಲೆ ಎಲ್ಲಿ ಹುಡುಕ್ತೀರಾ?

ಪ್ರಿಂಟ್ ಉಳಿಸೋದು, ಹಕ್ಕು ಕೊಳ್ಳೋದು ನಮ್ಮ ಕೈಯಲ್ಲಿಲ್ಲ. ಇನ್ನೊಂದು ಕೆಲಸ ಇದೆ, ಅದು ಫ್ರೀ. ಓಡದ ಕನ್ನಡ ಸಿನಿಮಾ ಒಂದು ನಿಮಗೆ ನಿಜವಾಗ್ಲೂ ಇಷ್ಟ ಆಗಿದ್ರೆ, ಅದರ ಹೆಸರು ನಾಲ್ಕು ಜನಕ್ಕೆ ಹೇಳಿ, ಯಾಕೆ ಇಷ್ಟ ಆಯ್ತು ಅಂತ ಎರಡು ಪ್ಯಾರಾ ಬರೆದು ನಮ್ಮ ಕನ್ನಡ ಸಂಘಕ್ಕೆ ಕಳಿಸಿ. ಮುಂದಿನ ಬ್ಯಾಚ್‌ಗೆ "ಇದೊಂದು ನೋಡ್ಲೇಬೇಕು" ಅನ್ನೋ ಸೀನಿಯರ್ ಯಾರಾದ್ರೂ ಬೇಕಲ್ವಾ?