ಹಳೇ ಕಡತ ಉಳಿಸೋಕೆ ಯಾರ ದುಡ್ಡು? ಯಾವ ಕಾಗದಕ್ಕೆ ಅನುದಾನ ಇದೆ, ಯಾವುದಕ್ಕೆ ಇಲ್ಲ: ಇಲ್ಲಿದೆ ವಿವರ

ಶಿವಮೊಗ್ಗ: ‘ಕಡತ ಲಭ್ಯವಿಲ್ಲ’. ತಾಲ್ಲೂಕು ಕಚೇರಿಯಿಂದ ಈ ಎರಡು ಪದದ ಹಿಂಬರಹ ಕೈಗೆ ಬಂತು ಅಂದ್ರೆ ಅರ್ಜಿದಾರನ ಅರ್ಧ ಜೀವ ಹೋದ ಹಾಗೆ. ಅಜ್ಜನ ಕಾಲದಲ್ಲಿ ಎರಡು ಎಕರೆ ಮಂಜೂರಾಗಿರುತ್ತದೆ. ಮನೆಯವರು ಅಲ್ಲೇ ಅಡಿಕೆ ಬೆಳೆದಿರುತ್ತಾರೆ, ಕಂದಾಯವನ್ನೂ ಕಟ್ಟಿರುತ್ತಾರೆ. ಆದರೆ ಮಂಜೂರಾತಿ ಆದೇಶ ಇದ್ದ ಆ ಒಂದು ಕಟ್ಟು ಸಿಗದಿದ್ದರೆ ಪೋಡಿ ಆಗೋಲ್ಲ, ಬ್ಯಾಂಕ್ ಸಾಲ ಸಿಗೋಲ್ಲ, ಮಕ್ಕಳಿಗೆ ಭಾಗ ಮಾಡಿ ಕೊಡೋಕೂ ಆಗೋಲ್ಲ.

ಇಂಥ ಕಾಗದಗಳನ್ನು ಉಳಿಸಿ ಕಂಪ್ಯೂಟರ್‌ಗೆ ಏರಿಸುವ ಕೆಲಸಕ್ಕೆ ಈಗ ರಾಜ್ಯ, ಕೇಂದ್ರ ಎರಡೂ ಸರ್ಕಾರಗಳು ಹಣ ಹಾಕುತ್ತಿವೆ. ಆದರೆ ಒಂದೊಂದು ಯೋಜನೆ ಒಂದೊಂದು ಬಗೆಯ ಕಾಗದಕ್ಕೆ ಮಾತ್ರ. ಎರಡಕ್ಕೂ ಸೇರದೆ ನಡುವೆ ಉಳಿದುಹೋಗಿರುವುದು ಊರಿನ ಪೇಟೆ, ಪುರಸಭೆ, ಶಾಲೆ, ಸಹಕಾರ ಸಂಘಗಳ ದಾಖಲೆ. ಯಾವುದಕ್ಕೆ ಯಾರ ದುಡ್ಡು ಅಂತ ಒಂದೊಂದಾಗಿ ನೋಡೋಣ.

ಜಮೀನಿನ ಕಾಗದ: ರಾಜ್ಯದ ‘ಭೂ ಸುರಕ್ಷಾ’

2000ರ ಹೊತ್ತಿಗೆ ಬಂದ ‘ಭೂಮಿ’ ಯೋಜನೆಯಲ್ಲಿ ಪಹಣಿ ಕಂಪ್ಯೂಟರ್‌ಗೆ ಬಂತು. ಆದರೆ ಆ ಪಹಣಿಗೆ ಆಧಾರವಾದ ಮೂಲ ಕಡತಗಳು, ಅಂದರೆ ಮಂಜೂರಾತಿ ಆದೇಶ, ಸಾಗುವಳಿ ಚೀಟಿ, ಮ್ಯುಟೇಶನ್ ರಿಜಿಸ್ಟರ್, ಹಳೇ ಕೈಬರಹದ ಪಹಣಿ ಇವೆಲ್ಲ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲೇ ಉಳಿದವು. ಮಲೆನಾಡಿನ ರೆಕಾರ್ಡ್ ರೂಮ್ ಅಂದ್ರೆ ಹೇಳಬೇಕಾಗಿಲ್ಲ. ವರ್ಷದಲ್ಲಿ ನಾಲ್ಕು ತಿಂಗಳು ಗೋಡೆ ಒಣಗೋದೇ ಇಲ್ಲ. ಗೆದ್ದಲು, ಬೂಷ್ಟು, ಬೆಳ್ಳಿಮೀನು ಹುಳ, ಇಲಿ, ಇವೆಲ್ಲದರ ಜೊತೆ ಬೇಕಂತಲೇ ಹಾಳೆ ಕಿತ್ತು ಬೇರೆ ಹಾಳೆ ಸೇರಿಸುವವರ ಕಾಟವೂ ಇದ್ದದ್ದೇ.

ಇದಕ್ಕೆ ಉತ್ತರವಾಗಿ ಕಂದಾಯ ಇಲಾಖೆ 2024ರ ಜನವರಿಯಲ್ಲಿ ‘ಭೂ ಸುರಕ್ಷಾ’ ಯೋಜನೆ ಶುರು ಮಾಡಿತು. ಮೊದಲ ಹಂತದಲ್ಲಿ ಜಿಲ್ಲೆಗೊಂದರಂತೆ 31 ತಾಲ್ಲೂಕು, ಆಮೇಲೆ ಉಳಿದ ತಾಲ್ಲೂಕುಗಳು. ಕಟ್ಟು ಬಿಚ್ಚಿ, ದೂಳು ಒರೆಸಿ, ಪುಟಕ್ಕೆ ನಂಬರ್ ಹಾಕಿ, ಸ್ಕ್ಯಾನ್ ಮಾಡಿ, ಹೋಬಳಿ, ಗ್ರಾಮ, ಸರ್ವೆ ನಂಬರ್, ವರ್ಷದ ಪ್ರಕಾರ ಕಂಪ್ಯೂಟರ್‌ನಲ್ಲಿ ಜೋಡಿಸೋದು ಕೆಲಸ. ಸ್ಕ್ಯಾನ್ ಆದ ದಾಖಲೆಯ ಪ್ರತಿಯನ್ನು ಜನ ಆನ್‌ಲೈನ್‌ನಲ್ಲೇ ಪಡೆಯಬೇಕು ಅನ್ನೋದು ಗುರಿ.

ಶಿವಮೊಗ್ಗ ಜಿಲ್ಲೆಗೆ ಇದು ಬರೀ ಅನುಕೂಲದ ಮಾತಲ್ಲ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನಿಂದ ಶರಾವತಿ ಕಣಿವೆಯ ಊರುಗಳು ಮುಳುಗಿದವು. ಅಲ್ಲಿನ ಕುಟುಂಬಗಳು ಜಿಲ್ಲೆಯ ಬೇರೆ ಬೇರೆ ಕಡೆ ಬಂದು ನೆಲೆ ನಿಂತವು. ಆರು ದಶಕ ಕಳೆದರೂ ಮುಳುಗಡೆ ಸಂತ್ರಸ್ತರ ಹಕ್ಕುಪತ್ರದ ವಿಚಾರ ಪೂರ್ತಿ ಬಗೆಹರಿದಿಲ್ಲ. ಯಾರು ಯಾವ ಊರು ಬಿಟ್ಟು ಬಂದರು, ಎಷ್ಟು ಜಮೀನು ಕಳೆದುಕೊಂಡರು, ಯಾವ ಸರ್ವೆ ನಂಬರ್‌ನಲ್ಲಿ ಜಾಗ ಸಿಕ್ಕಿತು ಅನ್ನೋದೆಲ್ಲ ಆ ಕಾಲದ ಪಟ್ಟಿ, ಆದೇಶ, ನಕ್ಷೆಗಳಲ್ಲಿದೆ. ಊರು ನೀರಿನಡಿ ಇದೆ. ಊರು ಇತ್ತು ಅನ್ನೋದಕ್ಕೆ ಕೈಯಲ್ಲಿ ಹಿಡಿಯಬಹುದಾದ ಸಾಕ್ಷಿ ಅಂದ್ರೆ ಆ ಕಾಗದ ಮಾತ್ರ.

ಓಲೆಗರಿ, ಹಸ್ತಪ್ರತಿ: ಕೇಂದ್ರದ ‘ಜ್ಞಾನ ಭಾರತಂ’

ಎರಡನೇ ಹಣದ ಮೂಲ ಕೇಂದ್ರ ಸಂಸ್ಕೃತಿ ಸಚಿವಾಲಯ. 2003ರಲ್ಲಿ ಶುರುವಾದ ರಾಷ್ಟ್ರೀಯ ಹಸ್ತಪ್ರತಿ ಮಿಷನ್‌ಗೆ ವರ್ಷಕ್ಕೆ ಸಿಗುತ್ತಿದ್ದುದು ಚೂರುಪಾರು ಹಣ. 2025-26ರ ಕೇಂದ್ರ ಬಜೆಟ್‌ನಲ್ಲಿ ‘ಜ್ಞಾನ ಭಾರತಂ’ ಮಿಷನ್ ಘೋಷಣೆಯಾಯಿತು. 1 ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಸಮೀಕ್ಷೆ, ದಾಖಲೀಕರಣ, ಸಂರಕ್ಷಣೆ ಇದರ ಗುರಿ. ಅನುದಾನ 3.5 ಕೋಟಿಯಿಂದ 60 ಕೋಟಿ ರೂಪಾಯಿಗೆ ಏರಿತು.

ಇದು ಮಠ, ಗ್ರಂಥ ಭಂಡಾರ, ವಿಶ್ವವಿದ್ಯಾಲಯಗಳ ಜೊತೆ ಖಾಸಗಿ ಸಂಗ್ರಹಗಳಿಗೂ ಅನ್ವಯಿಸುತ್ತದೆ. ಸಾಗರ ತಾಲ್ಲೂಕಿನ ಕೆಳದಿ ವಸ್ತುಸಂಗ್ರಹಾಲಯದಲ್ಲಿರುವಂಥ ಓಲೆಗರಿ, ಕೈಬರಹದ ಗ್ರಂಥಗಳು ಈ ಬಾಬ್ತಿಗೆ ಬರುತ್ತವೆ. ಮನೆಯ ಅಟ್ಟದ ಮೇಲಿರುವ ವೈದ್ಯ, ಜ್ಯೋತಿಷ, ಯಕ್ಷಗಾನ ಪ್ರಸಂಗದ ಓಲೆಗರಿಯೂ ಬರಬಹುದು.

ಆದರೆ ಇಲ್ಲೊಂದು ಷರತ್ತಿದೆ, ಬಹಳ ಜನಕ್ಕೆ ಗೊತ್ತಿಲ್ಲ. ಹಸ್ತಪ್ರತಿ ಮಿಷನ್ ಇಟ್ಟುಕೊಂಡು ಬಂದ ವ್ಯಾಖ್ಯೆ ಪ್ರಕಾರ ಅದು ಕೈಬರಹದ್ದಾಗಿರಬೇಕು, ಕನಿಷ್ಠ 75 ವರ್ಷ ಹಳೆಯದಾಗಿರಬೇಕು, ಮತ್ತು ಅದರಲ್ಲಿ ವಿದ್ಯೆಯ, ಜ್ಞಾನದ ವಿಷಯ ಇರಬೇಕು. ಶಾಸನ, ಫರ್ಮಾನು, ಕಂದಾಯ ಲೆಕ್ಕದಂಥ ಚಾರಿತ್ರಿಕ ದಾಖಲೆಗಳು ಹಸ್ತಪ್ರತಿ ಅಲ್ಲ ಅಂತ ಆ ವ್ಯಾಖ್ಯೆಯೇ ಹೇಳುತ್ತದೆ. ಆಯುರ್ವೇದದ ಓಲೆಗರಿಗೆ ಜಾಗ ಇದೆ. ಅದೇ ಮನೆಯ ಅದೇ ಪೆಟ್ಟಿಗೆಯಲ್ಲಿರುವ ಮುತ್ತಜ್ಜನ ಅಡಿಕೆ ವ್ಯಾಪಾರದ ಲೆಕ್ಕದ ಪುಸ್ತಕಕ್ಕೆ ಇಲ್ಲ.

ನಡುವೆ ಬಿದ್ದ ಕಾಗದ

‘ಕಡತ’ ಅನ್ನೋ ಪದವನ್ನೇ ನೋಡಿ. ಇವತ್ತು ಕಡತ ಅಂದ್ರೆ ಸರ್ಕಾರಿ ಫೈಲು. ಹಿಂದೆ ಕಡತ ಅಂದ್ರೆ ಬಟ್ಟೆಯ ಪುಸ್ತಕ. ಹುಣಸೆ ಬೀಜದ ಅಂಟಿಗೆ ಇದ್ದಿಲು ಪುಡಿ ಸೇರಿಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದರು. ಅರಮನೆ, ಮಠದವರಷ್ಟೇ ಅಲ್ಲ, ಅಂಗಡಿಯವರೂ ಲೆಕ್ಕ ಇಟ್ಟಿದ್ದು ಇದರಲ್ಲೇ. ಭೂಕಂದಾಯದ ‘ಶಿಸ್ತು’ ಜಾರಿಗೆ ತಂದ ಕೆಳದಿಯ ಶಿವಪ್ಪ ನಾಯಕನ ನಾಡಿನಲ್ಲಿ ಲೆಕ್ಕ ಬರೆದಿಡೋದು ಹೊಸ ಅಭ್ಯಾಸ ಅಲ್ಲ.

ಪಕ್ಕದ ಶೃಂಗೇರಿಯ ಉದಾಹರಣೆ ಇದೆ. 1791ರಲ್ಲಿ ಮರಾಠಾ ಸೈನ್ಯ ಮಠವನ್ನು ಲೂಟಿ ಮಾಡಿದ ಸಂದರ್ಭದಲ್ಲಿ ಟಿಪ್ಪು ಸುಲ್ತಾನ್ ಮಠಕ್ಕೆ ಕನ್ನಡದಲ್ಲಿ ಬರೆಸಿದ ಪತ್ರಗಳು ಮಠದ ಹಳೇ ದಾಖಲೆಗಳ ನಡುವೆ ಇದ್ದವು. 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಅವನ್ನು ಬೆಳಕಿಗೆ ತಂದರು. 125 ವರ್ಷ ಯಾರೋ ಅವನ್ನು ಕಸ ಅಂತ ಬಿಸಾಡದೆ ಇಟ್ಟಿದ್ದಕ್ಕೆ ಅವು ಉಳಿದವು.

ಇವತ್ತು ಹಾಗೆ ಉಳಿಯಬೇಕಾದವು ಯಾವುವು? ಪುರಸಭೆಯ ಹಳೇ ಸಭಾ ನಡಾವಳಿ ಪುಸ್ತಕ, ಅಂಗಡಿ ಮಳಿಗೆ ಹರಾಜಿನ ರಿಜಿಸ್ಟರ್, ಸಂತೆ ಸುಂಕದ ಲೆಕ್ಕ, ಶಾಲೆಯ ದಾಖಲಾತಿ ಪುಸ್ತಕ, ಸಹಕಾರ ಸಂಘದ ಷೇರು ರಿಜಿಸ್ಟರ್, ಮಂಡಿಯ ಖಾತೆ ಪುಸ್ತಕ, ನಿಂತುಹೋದ ಸ್ಥಳೀಯ ಪತ್ರಿಕೆಗಳ ಸಂಚಿಕೆ. ಇವು ಕಂದಾಯ ಇಲಾಖೆಯ ಕಡತ ಅಲ್ಲ, ಹಾಗಾಗಿ ಭೂ ಸುರಕ್ಷಾ ಬರೋಲ್ಲ. ಜ್ಞಾನದ ಗ್ರಂಥ ಅಲ್ಲ, ಹಾಗಾಗಿ ಹಸ್ತಪ್ರತಿ ಯೋಜನೆಯೂ ಬರೋಲ್ಲ. ಪೇಟೆ ಯಾವಾಗ ಬೆಳೀತು, ಯಾವ ರಸ್ತೆ ಎಷ್ಟು ಅಗಲ ಇತ್ತು, ಯಾರಿಗೆ ಮಳಿಗೆ ಯಾವ ಷರತ್ತಿನ ಮೇಲೆ ಕೊಟ್ಟಿದ್ದರು ಅನ್ನೋದು ಇರೋದು ಇಲ್ಲೇ. ರಸ್ತೆ ಅಗಲೀಕರಣದ ಗುರುತು ಹಾಕಲು ಬಂದಾಗ ಅಂಗಡಿಯವರು ಹುಡುಕೋದೂ ಇದನ್ನೇ.

ಸರ್ಕಾರಿ ಕಚೇರಿಗಳಲ್ಲಿ ಕಡತಗಳನ್ನು ವಿಲೇವಾರಿ ಮಾಡುವಾಗ ವರ್ಗ ಗುರುತು ಹಾಕುತ್ತಾರೆ. ‘ಎ’ ಅಂದ್ರೆ ಶಾಶ್ವತ, ‘ಬಿ’ 30 ವರ್ಷ, ‘ಸಿ’ 10 ವರ್ಷ, ‘ಡಿ’ 5 ವರ್ಷ, ‘ಇ’ 1 ವರ್ಷ. ಅವಧಿ ಮುಗಿದದ್ದನ್ನು ನಾಶ ಮಾಡಬಹುದು. ಅದು ತಪ್ಪಲ್ಲ, ಎಲ್ಲವನ್ನೂ ಇಡೋಕೆ ಜಾಗ ಇರೋಲ್ಲ. ಆದರೆ ನಾಶ ಮಾಡೋ ಮೊದಲು ಊರಿನ ಚರಿತ್ರೆಗೆ ಬೇಕಾದದ್ದು ಯಾವುದು ಅಂತ ಆರಿಸುವವರು ಬೇಕು. ಆ ಕೆಲಸ ಬಲ್ಲವರು ಇರೋದು ರಾಜ್ಯ ಪತ್ರಾಗಾರ ಇಲಾಖೆಯಲ್ಲಿ. ಅದಕ್ಕೆ ತಾಲ್ಲೂಕು ಮಟ್ಟದಲ್ಲಿ ಕಚೇರಿಯೇ ಇಲ್ಲ.

ಸ್ಕ್ಯಾನ್ ಆದರೆ ಮುಗೀತಾ?

ಇಲ್ಲ. ಸ್ಕ್ಯಾನ್ ಮಾಡೋದು ಸುಲಭದ ಭಾಗ. ಹಣ, ಸಮಯ ಹೆಚ್ಚು ಬೇಡುವುದು ಸೂಚಿ ಮಾಡುವ ಕೆಲಸ. ಸರ್ವೆ ನಂಬರ್ 45 ಅನ್ನೋದನ್ನು 54 ಅಂತ ಟೈಪ್ ಮಾಡಿದರೆ, ಕಡತ ಕಂಪ್ಯೂಟರ್‌ನಲ್ಲಿದ್ದೂ ಸಿಗೋಲ್ಲ. ರೆಕಾರ್ಡ್ ರೂಮಿನಲ್ಲಿ ಕಳೆದುಹೋದ ಕಟ್ಟನ್ನು ಹಳೇ ಗುಮಾಸ್ತರು ನೆನಪಿನಿಂದ ಹುಡುಕಿ ಕೊಟ್ಟಾರು. ಕಂಪ್ಯೂಟರ್‌ಗೆ ಆ ನೆನಪಿಲ್ಲ. ಹಳೇ ಮೋಡಿ ಅಕ್ಷರ ಓದಬಲ್ಲವರೂ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ಸೂಚಿ ಚೆನ್ನಾಗಿದ್ದರೆ ಏನಾಗುತ್ತೆ ಅನ್ನೋದಕ್ಕೆ ಈ ಜಿಲ್ಲೆಯೇ ಸಾಕ್ಷಿ. ಮೈಸೂರು ಸಂಸ್ಥಾನದ ಖರ್ಚಿನಲ್ಲಿ ಬಿ.ಎಲ್. ರೈಸ್ ಅವರು ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕ’ದ 7 ಮತ್ತು 8ನೇ ಸಂಪುಟಗಳಲ್ಲಿ 1902 ಮತ್ತು 1904ರಲ್ಲಿ ಪ್ರಕಟಿಸಿದರು. ಪ್ರತಿ ತಾಲ್ಲೂಕಿಗೆ ಬೇರೆ ಬೇರೆ ಕ್ರಮಸಂಖ್ಯೆ ಕೊಟ್ಟರು. ತಾಳಗುಂದದ ಕದಂಬರ ಸ್ತಂಭ ಶಾಸನ ಅದರಲ್ಲಿ ಶಿಕಾರಿಪುರ 176. ಇವತ್ತಿಗೂ ಜಗತ್ತಿನ ಯಾವ ಮೂಲೆಯ ಸಂಶೋಧಕರಿಗಾದರೂ ‘ಶಿಕಾರಿಪುರ 176’ ಅಂದರೆ ಸಾಕು, ಯಾವ ಕಲ್ಲು ಅಂತ ಗೊತ್ತಾಗುತ್ತದೆ. 120 ವರ್ಷದ ಹಿಂದೆ ಸೂಚಿಗೆ ಹಾಕಿದ ದುಡ್ಡು ಈಗಲೂ ದುಡಿಯುತ್ತಿದೆ.

ಇನ್ನೊಂದು ವಿಷಯ: ಸ್ಕ್ಯಾನ್ ಆಯ್ತು ಅಂತ ಮೂಲ ಕಾಗದ ಬಿಸಾಡುವ ಹಾಗಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ ಪ್ರಕಾರ 30 ವರ್ಷ ಹಳೆಯ ದಾಖಲೆ, ಇರಬೇಕಾದ ಜಾಗದಿಂದಲೇ ಬಂದಿದ್ದರೆ, ಅದರ ಸಹಿ ಮತ್ತು ಕೈಬರಹ ಅಸಲಿ ಅಂತ ನ್ಯಾಯಾಲಯ ಭಾವಿಸಬಹುದು. ತಿದ್ದುಪಡಿ ಆಗಿದೆಯಾ, ಶಾಯಿ ಯಾವ ಕಾಲದ್ದು ಅಂತ ಪರೀಕ್ಷೆ ಮಾಡೋಕೂ ಮೂಲವೇ ಬೇಕು.

ಕಾನೂನು ಏನು ಹೇಳುತ್ತೆ?

ಮಾಹಿತಿ ಹಕ್ಕು ಕಾಯ್ದೆ 2005ರ ಸೆಕ್ಷನ್ 4(1)(ಎ) ಪ್ರಕಾರ ಪ್ರತಿ ಸರ್ಕಾರಿ ಕಚೇರಿಯೂ ತನ್ನ ದಾಖಲೆಗಳನ್ನು ಪಟ್ಟಿ ಮಾಡಿ, ಸೂಚಿ ಸಮೇತ ಇಡಬೇಕು. ಸಂಪನ್ಮೂಲ ಇರುವಷ್ಟರ ಮಟ್ಟಿಗೆ ಕಂಪ್ಯೂಟರೀಕರಣ ಮಾಡಬೇಕು. ಇದು ಪುರಸಭೆಗೂ, ಗ್ರಾಮ ಪಂಚಾಯಿತಿಗೂ ಅನ್ವಯ. ಮಾಹಿತಿ ನಿರಾಕರಿಸಲು ಕಾಯ್ದೆಯ ಸೆಕ್ಷನ್ 8ರಲ್ಲಿ ಕೊಟ್ಟಿರುವ ಕಾರಣಗಳಲ್ಲಿ ‘ಕಡತ ಕಾಣೆಯಾಗಿದೆ’ ಅನ್ನೋದು ಇಲ್ಲ. ‘ಸಂಪನ್ಮೂಲ ಇರುವಷ್ಟು’ ಅನ್ನೋ ಮಾತಿನಲ್ಲೇ ತೊಡಕು ಇದೆ: ಬಜೆಟ್‌ನಲ್ಲಿ ಹಣ ಇಡದಿದ್ದರೆ ಕೆಲಸ ನಡೆಯೋಲ್ಲ.

ಅಂಗಡಿಯವರು ಈ ಬಗೆಯ ಕೆಲಸಕ್ಕೆ ಹಣ ಕೊಡುತ್ತಲೇ ಇಲ್ಲ ಅಂತೇನಿಲ್ಲ. ಆಸ್ತಿ ತೆರಿಗೆ ರಸೀದಿ ತೆಗೆದು ನೋಡಿದರೆ ಅದರಲ್ಲಿ ಗ್ರಂಥಾಲಯ ಕರ ಕಾಣುತ್ತದೆ, ತೆರಿಗೆಯ ಶೇ 6ರಷ್ಟು. ಆ ಹಣ ಸಾರ್ವಜನಿಕ ಗ್ರಂಥಾಲಯಗಳಿಗೆ. ಊರಿನ ಹಳೇ ಪತ್ರಿಕೆ, ಸ್ಮರಣ ಸಂಚಿಕೆ, ಸ್ಥಳೀಯ ಪುಸ್ತಕಗಳಿಗೆ ಗ್ರಂಥಾಲಯದಲ್ಲಿ ಒಂದು ಕಪಾಟು ಕೇಳೋದು ನ್ಯಾಯವಾದ ಬೇಡಿಕೆಯೇ. ನೋಂದಾಯಿತ ಸಂಘ ಸಂಸ್ಥೆಗಳಿಗೆ ಹಸ್ತಪ್ರತಿ, ಅಪರೂಪದ ಪುಸ್ತಕಗಳ ಸಂರಕ್ಷಣೆಗೆ ದೆಹಲಿಯ ರಾಷ್ಟ್ರೀಯ ಪತ್ರಾಗಾರದ ಸಹಾಯಧನ ಯೋಜನೆಯೂ ಇದೆ.

ಈಗ ಮಾಡಬಹುದಾದದ್ದು

* ಜಮೀನಿನ ಮೂಲ ಕಡತದ ದೃಢೀಕೃತ ನಕಲು ಈಗಲೇ ತೆಗೆಸಿಟ್ಟುಕೊಳ್ಳಿ. ವ್ಯಾಜ್ಯ ಬಂದ ಮೇಲೆ ಓಡಾಡೋದು ಬೇಡ.
* ಸ್ಕ್ಯಾನ್ ಆದ ಪ್ರತಿಯಲ್ಲಿ ಸರ್ವೆ ನಂಬರ್, ಗ್ರಾಮದ ಹೆಸರು, ಪುಟಗಳ ಸಂಖ್ಯೆ ಸರಿ ಇದೆಯಾ ನೋಡಿ. ತಪ್ಪಿದ್ದರೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.
* ಅಂಗಡಿ ಸ್ಥಳಾಂತರ, ಮನೆ ದುರಸ್ತಿ ವೇಳೆ ಹಳೇ ಲೆಕ್ಕದ ಪುಸ್ತಕ, ಓಲೆಗರಿ, ಬಟ್ಟೆಯ ಕಡತ ಸಿಕ್ಕರೆ ಗುಜರಿಗೆ ಹಾಕಬೇಡಿ. ರಾಜ್ಯ ಪತ್ರಾಗಾರ ಖಾಸಗಿ ದಾಖಲೆಗಳನ್ನೂ ಸಂಗ್ರಹಿಸುತ್ತದೆ.
* ಹರಿದ ಹಾಳೆಗೆ ಸೆಲ್ಲೋ ಟೇಪ್ ಹಚ್ಚಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ. ಎರಡೂ ಕಾಗದವನ್ನು ಹಾಳು ಮಾಡುತ್ತವೆ. ಹತ್ತಿ ಬಟ್ಟೆಯಲ್ಲಿ ಸುತ್ತಿ, ನೆಲ ಮತ್ತು ಗೋಡೆಗೆ ತಾಗದಂತೆ ಇಡಿ.
* ಮೊಬೈಲ್‌ನಲ್ಲಿ ಫೋಟೊ ತೆಗೆಯುವುದಾದರೆ ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಹಾಳೆಯ ಎರಡೂ ಬದಿ ತೆಗೆಯಿರಿ. ಯಾವ ಪುಸ್ತಕ, ಎಷ್ಟನೇ ಪುಟ, ಯಾವ ವರ್ಷ ಅಂತ ಹೆಸರು ಕೊಟ್ಟು ಎರಡು ಕಡೆ ಉಳಿಸಿ.

ಇನ್ನು ಉಳಿದಿರೋದು ನಡುವೆ ಬಿದ್ದ ಕಾಗದದ ಪ್ರಶ್ನೆ. ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳು ಪ್ರತಿ ವರ್ಷ ಬಜೆಟ್ ಮಂಡಿಸುವ ಮೊದಲು ಸಾರ್ವಜನಿಕರನ್ನು ಕರೆದು ಪೂರ್ವಭಾವಿ ಸಭೆ ಮಾಡುತ್ತವೆ. ಚರಂಡಿ, ಬೀದಿದೀಪ, ಪಾರ್ಕಿಂಗ್ ವಿಚಾರ ಅಲ್ಲಿ ತಪ್ಪದೆ ಬರುತ್ತದೆ. ‘ಪುರಸಭೆಯ ಹಳೇ ನಡಾವಳಿ ಪುಸ್ತಕಗಳು ಎಲ್ಲಿವೆ, ಎಷ್ಟಿವೆ, ಅವುಗಳ ಪಟ್ಟಿ ಇದೆಯಾ’ ಅಂತ ಒಬ್ಬರು ಎದ್ದು ಕೇಳಿದರೂ ಸಾಕು. ಪಟ್ಟಿ ಮಾಡೋಕೆ ದೊಡ್ಡ ಅನುದಾನ ಬೇಕಿಲ್ಲ. ಪಟ್ಟಿ ಇಲ್ಲದ ಕಾಗದ ಕಳೆದುಹೋದರೆ, ಕಳೆದುಹೋಯಿತು ಅನ್ನೋದೂ ಯಾರಿಗೂ ಗೊತ್ತಾಗೋಲ್ಲ.