ನಿಮಗಿದು ಗೊತ್ತೇ? ಕೈಚೀಲದಲ್ಲಿ ಬೆಲ್ಲ ಹಾರುತ್ತದೆ, ಖಾರ ಹಾರುವುದಿಲ್ಲ

ಕೊಲ್ಹಾಪುರದ ಉಜಳಾಯಿವಾಡಿ ವಿಮಾನ ನಿಲ್ದಾಣ ಬೆಂಗಳೂರಿನ ಕೆಂಪೇಗೌಡ ನಿಲ್ದಾಣಕ್ಕಿಂತ ಸುಮಾರು 70 ವರ್ಷ ಹಿರಿಯದು! ದೇವನಹಳ್ಳಿಯಲ್ಲಿ ವಿಮಾನ ಇಳಿಯತೊಡಗಿದ್ದು 2008ರಲ್ಲಿ. ಕೊಲ್ಹಾಪುರ ಸಂಸ್ಥಾನದ ರಾಜಾರಾಮ ಮಹಾರಾಜರು ತಮ್ಮೂರಿಗೆ ವಿಮಾನ ನಿಲ್ದಾಣ ಮಾಡಿಸಿದ್ದು 1939ರಲ್ಲಿ. ಅಲ್ಲಿನ ಹೊಸ ಟರ್ಮಿನಲ್ ಕಟ್ಟಡ ಉದ್ಘಾಟನೆಯಾಗಿದ್ದು 2024ರ ಮಾರ್ಚ್ 10ರಂದು. ಅದೇ ಸಮಾರಂಭದಲ್ಲಿ ಬೆಳಗಾವಿ, ಹುಬ್ಬಳ್ಳಿಯ ಹೊಸ ಟರ್ಮಿನಲ್‌ಗಳಿಗೆ ಅಡಿಗಲ್ಲೂ ಬಿತ್ತು.

ಅದೇ ಜಿಲ್ಲೆಯ ಹಾತಕಣಂಗಲೆ ತಾಲೂಕಿಗೂ ವಿಮಾನಕ್ಕೂ ಒಂದು ನಂಟಿದೆ. 2019ರ ಜನವರಿ 25ರಂದು ಬೆಂಗಳೂರು–ಹುಬ್ಬಳ್ಳಿ ಹಾರಾಟದಿಂದ ಶುರುವಾದ ಸ್ಟಾರ್ ಏರ್, ಸಂಜಯ ಘೋಡಾವತ್ ಸಮೂಹದ್ದು. ಅದೇ ಸಮೂಹದ ವಿಶ್ವವಿದ್ಯಾಲಯ ಇರುವುದು ಇದೇ ತಾಲೂಕಿನ ಅತಿಗ್ರೆಯಲ್ಲಿ. ಎಸ್ಟಿ ಬಸ್ಸಿನ ಟಪ್ಪಿನ ಮೇಲೆ ಗಂಟುಮೂಟೆ ಏರಿಸಿ ರೂಢಿಯಾದ ಸೀಮೆಯಿದು. ಈಗ ಗಂಟು ಬಿಚ್ಚಿ ಟ್ರೇಯಲ್ಲಿಡಬೇಕು.

55, 35, 25. ಈ ಮೂರು ಅಂಕಿ ಕೂಡಿಸಿ ನೋಡಿ, 115 ಆಗುತ್ತದೆ. ಕೈಚೀಲದ ಉದ್ದ, ಅಗಲ, ದಪ್ಪ ಮೂರೂ ಸೇರಿ ಇಷ್ಟು ಸೆಂಟಿಮೀಟರ್ ಮೀರಬಾರದು. ತೂಕ ಎಕಾನಮಿ ದರ್ಜೆಯಲ್ಲಿ ಸಾಮಾನ್ಯವಾಗಿ 7 ಕಿಲೊ. ಒಬ್ಬರಿಗೆ ಒಂದೇ ಚೀಲ, ಹೆಂಗಸರ ಪರ್ಸು ಲೆಕ್ಕಕ್ಕಿಲ್ಲ. ಆ ಪರ್ಸು ಎಷ್ಟು ದೊಡ್ಡದಿರಬಹುದು ಎಂಬ ವಾದ ಮಾತ್ರ ಪ್ರತಿ ಕೌಂಟರಿನಲ್ಲೂ ದಿನವೂ ನಡೆಯುತ್ತಿರುತ್ತದೆ.

ಇನ್ನು ಬೆಲ್ಲ. ಕೊಲ್ಹಾಪುರದ ಬೆಲ್ಲಕ್ಕೆ 2014ರಲ್ಲಿ ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗ್ ಸಿಕ್ಕಿದೆ. ಒಂದು ಕಿಲೊದ ಪೆಂಟಿಯನ್ನು ಕೈಚೀಲದಲ್ಲಿ ಇಟ್ಟುಕೊಂಡು ಹೋಗಲು ಅಡ್ಡಿಯಿಲ್ಲ; ಅದು ಗಟ್ಟಿ ಪದಾರ್ಥ. ಆದರೂ ಬೆಲ್ಲ ಒಯ್ಯುವವರ ಚೀಲವನ್ನೇ ಪಕ್ಕಕ್ಕೆ ಸರಿಸಿ ಬಿಚ್ಚಿಸುತ್ತಾರಲ್ಲ, ಏಕೆ? ಎಕ್ಸ್‌ರೇ ಯಂತ್ರಕ್ಕೆ ಬೆಲ್ಲ, ಬಟ್ಟೆ, ಪುಸ್ತಕ ಎಂಬ ಭೇದವಿಲ್ಲ. ವಸ್ತು ಯಾವ ಧಾತುಗಳಿಂದ ಆಗಿದೆ, ಎಷ್ಟು ಒತ್ತಾಗಿದೆ ಎಂಬುದಷ್ಟೇ ಅದಕ್ಕೆ ತಿಳಿಯುವುದು. ಇಂಗಾಲ, ಜಲಜನಕ, ಆಮ್ಲಜನಕದಂಥ ಹಗುರ ಧಾತುಗಳಿಂದ ಆದದ್ದೆಲ್ಲ ಪರದೆಯ ಮೇಲೆ ಕಿತ್ತಳೆ ಬಣ್ಣ. ಕಬ್ಬಿಣ, ತಾಮ್ರ, ಬೆಳ್ಳಿ ನೀಲಿ. ನಡುವಿನವು ಹಸಿರು. ಬಟ್ಟೆ ತೆಳು ಕಿತ್ತಳೆಯಾಗಿ ಕಂಡರೆ ಬೆಲ್ಲದ ಪೆಂಟಿ ಗಾಢ ಕಿತ್ತಳೆಯ ಮುದ್ದೆಯಾಗಿ ಕೂತಿರುತ್ತದೆ. ಪ್ಲಾಸ್ಟಿಕ್ ಸ್ಫೋಟಕವೂ ಹೆಚ್ಚುಕಡಿಮೆ ಹಾಗೆಯೇ ಕಾಣುವುದು! ಅದಕ್ಕೇ ಪರದೆಯ ಮುಂದೆ ಕೂತವರು ಬೆಲ್ಟ್ ನಿಲ್ಲಿಸಿ, ಹಿಂದೆ ಸರಿಸಿ, ಮತ್ತೆ ನೋಡುತ್ತಾರೆ. ಮೈಸೂರುಪಾಕ, ಚೀಸ್, ಚಾಕೊಲೇಟ್ ಗಡ್ಡೆಗಳಿಗೂ ಇದೇ ಪಾಡು. ಬೆಲ್ಲವನ್ನು ಚೀಲದ ತಳಕ್ಕೆ ತುರುಕದೆ ಮೇಲೆಯೇ ಇಟ್ಟಿದ್ದರೆ ‘ಗೂಳ್ ಆಹೇ, ಸಾಹೇಬ್’ ಎಂಬ ಒಂದು ಮಾತಿಗೆ ಕೆಲಸ ಮುಗಿಯುತ್ತದೆ.

ಉಪ್ಪು ತಿನ್ನುವ ಪದಾರ್ಥವೇ ಆದರೂ ಎಕ್ಸ್‌ರೇಯಲ್ಲಿ ಕಾಣುವುದು ಹಸಿರು. ಅದರಲ್ಲಿರುವ ಸೋಡಿಯಂ, ಕ್ಲೋರಿನ್ ಸ್ವಲ್ಪ ಭಾರದ ಧಾತುಗಳು.

ಹಾತಕಣಂಗಲೆ ತಾಲೂಕಿನ ಹುಪರಿ ಬೆಳ್ಳಿಯ ಊರು. ಅಲ್ಲಿನ ಮನೆಮನೆಯಲ್ಲಿ ತಯಾರಾದ ಕಾಲ್ಗೆಜ್ಜೆ ದೇಶದ ಮೂಲೆಮೂಲೆಗೆ ಹೋಗುತ್ತದೆ. ಗೆಜ್ಜೆಯ ಗಂಟು ಎಕ್ಸ್‌ರೇಯಲ್ಲಿ ಗಾಢ ನೀಲಿ, ತುಂಬ ದಪ್ಪಗಿದ್ದರೆ ಕಪ್ಪು. ಕಪ್ಪು ಎಂದರೆ ಕಿರಣ ಹಾಯಲಿಲ್ಲ, ಒಳಗೇನಿದೆಯೋ ಕಾಣದು, ಬಿಚ್ಚಿ ತೋರಿಸಿ ಎಂದರ್ಥ. ಅದಕ್ಕೆ ಹೆದರಿ ಬೆಳ್ಳಿಯನ್ನು ಲಗೇಜಿಗೆ ಹಾಕಬೇಡಿ. ಬೆಳ್ಳಿಬಂಗಾರ, ನಗದು, ಕಾಗದಪತ್ರವನ್ನು ಚೆಕ್-ಇನ್ ಚೀಲದಲ್ಲಿ ಇಡಬೇಡಿ, ಕಳೆದರೆ ಹೊಣೆಯಲ್ಲ ಎಂದು ವಿಮಾನ ಕಂಪನಿಗಳ ಷರತ್ತಿನಲ್ಲೇ ಬರೆದಿರುತ್ತದೆ. ಬಿಲ್ಲು ಜೊತೆಗಿದ್ದರೆ ಮಾತು ಕಡಿಮೆ.

ಕೊಲ್ಹಾಪುರಿ ಚಪ್ಪಲಿ ಮೆಟಲ್ ಡಿಟೆಕ್ಟರ್ ಬಾಗಿಲಲ್ಲಿ ‘ಕುಂಯ್’ ಅನ್ನುವುದಿಲ್ಲ! ಸಾಂಪ್ರದಾಯಿಕ ಚಪ್ಪಲಿಗೆ ಮೊಳೆಯೇ ಇಲ್ಲ. ಚರ್ಮವನ್ನು ಚರ್ಮದ ದಾರದಿಂದಲೇ ಹೊಲಿದಿರುತ್ತಾರೆ. ಸದ್ದು ಬಂದರೆ ಬೆಲ್ಟಿನ ಬಕ್ಕಲ್ ನೋಡಿಕೊಳ್ಳಿ, ಇಲ್ಲವೇ ಚಪ್ಪಲಿ ಅಸಲಿಯೇ ಎಂದು ಅಂಗಡಿಯವನನ್ನು ಕೇಳಿ. ಅಂದಹಾಗೆ 2019ರಲ್ಲಿ ಈ ಚಪ್ಪಲಿಗೆ ಸಿಕ್ಕ ಜಿಐ ಟ್ಯಾಗ್ ಕೊಲ್ಹಾಪುರದ್ದು ಮಾತ್ರವಲ್ಲ. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೋಲಾಪುರದ ಜೊತೆಗೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರವೂ ಅದರಲ್ಲಿವೆ. ನಾಲ್ಕಕ್ಕೆ ನಾಲ್ಕು, ಸರಿಸಮ.

ಬೂಟು ಬಿಚ್ಚಿಸುವ ಪದ್ಧತಿಗೆ ಒಬ್ಬನೇ ಮನುಷ್ಯ ಕಾರಣ. 2001ರ ಡಿಸೆಂಬರ್ 22ರಂದು ಪ್ಯಾರಿಸ್‌ನಿಂದ ಮಯಾಮಿಗೆ ಹೊರಟ ವಿಮಾನದಲ್ಲಿ ರಿಚರ್ಡ್ ರೀಡ್ ಎಂಬವನು ಬೂಟಿನಲ್ಲಿ ಅಡಗಿಸಿದ್ದ ಸ್ಫೋಟಕಕ್ಕೆ ಕಡ್ಡಿ ಗೀರಲು ಹೋಗಿ ಸಿಕ್ಕಿಬಿದ್ದ. ಅಮೆರಿಕದಲ್ಲಿ 2006ರಿಂದ ಎಲ್ಲರೂ ಬೂಟು ಬಿಚ್ಚಿದರು. 2025ರ ಜುಲೈನಲ್ಲಿ ಆ ನಿಯಮ ತೆಗೆದರು.

ಗಡಹಿಂಗ್ಲಜ ಪೇಟೆ ಅಂದರೆ ಮೆಣಸಿನಕಾಯಿ. ಸಂಕೇಶ್ವರಿ ಮೆಣಸಿನಕಾಯಿಯ ಖಾರಪುಡಿ, ಉಳ್ಳಾಗಡ್ಡಿ–ಬೆಳ್ಳುಳ್ಳಿ ಹಾಕಿ ಕುಟ್ಟಿದ ಕಾಂದಾ ಲಸೂಣ ಮಸಾಲೆ ಇಲ್ಲದೆ ಈ ಭಾಗದ ಮಗ ಪುಣೆಗೋ ಬೆಂಗಳೂರಿಗೋ ನೌಕರಿಗೆ ಹೋದದ್ದಿಲ್ಲ. ಅವ್ವ ಸ್ಟೀಲ್ ಡಬ್ಬಿಯಲ್ಲಿ ಒತ್ತಿ ತುಂಬಿ, ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಮುಚ್ಚಳಕ್ಕೆ ಹಳೇ ಧೋತರದ ಚೂರು ಬಿಗಿದು, ‘ಕೈಯಾಗ ಹಿಡಕೊಂಡ್ ಹೋಗೋ, ಮಗುಚಿ ಬಿದ್ದೀತು’ ಅನ್ನುತ್ತಾಳೆ. ಸಮಸ್ಯೆ ಅಲ್ಲೇ. ನಮ್ಮ ದೇಶದಲ್ಲಿ ಮಸಾಲೆ ಪುಡಿ, ಅದರಲ್ಲೂ ಖಾರಪುಡಿ, ಕ್ಯಾಬಿನ್ನಿಗೆ ಬಿಡುವುದಿಲ್ಲ. ಒಂದು ಚಿಟಿಕೆ ಕಣ್ಣಿಗೆ ಬಿದ್ದವರಿಗೆ ಕಾರಣ ಬಿಡಿಸಿ ಹೇಳಬೇಕಿಲ್ಲ; ಮುಚ್ಚಿದ ವಿಮಾನದಲ್ಲಿ ಮುಷ್ಟಿ ಖಾರಪುಡಿ ಪೆಪ್ಪರ್ ಸ್ಪ್ರೇಗೆ ಸಮ. ಲಗೇಜಿಗೆ ಹಾಕಿದರೆ ಯಾರೂ ಕೇಳುವುದಿಲ್ಲ. ಸ್ಟೀಲ್ ಡಬ್ಬಿ ಬಿಟ್ಟು ಎರಡು ಪದರ ಪ್ಲಾಸ್ಟಿಕ್ ಚೀಲದಲ್ಲಿ ಸೀಲ್ ಮಾಡಿಸಿ. ಅವ್ವನ ಕೈಯ ಗಂಟು ಬಟ್ಟೆಯನ್ನಷ್ಟೇ ಬಿಗಿಯುತ್ತದೆ, ಮಸಾಲೆಯ ಎಣ್ಣೆಯನ್ನಲ್ಲ.

ಅಮೆರಿಕಕ್ಕೆ ಹೋಗುವ ವಿಮಾನದಲ್ಲಿ ಪುಡಿಗೇ ಬೇರೆ ಲೆಕ್ಕ. 2018ರ ಜೂನ್ 30ರಿಂದ ಕೈಚೀಲದಲ್ಲಿ 350 ಮಿಲಿಲೀಟರ್‌ಗಿಂತ ಹೆಚ್ಚಿನ ಯಾವ ಪುಡಿ ಇದ್ದರೂ, ಅದು ಚಹಾಪುಡಿಯೇ ಆಗಲಿ ಮುಖಕ್ಕೆ ಹಚ್ಚುವ ಪೌಡರೇ ಆಗಲಿ, ಪ್ರತ್ಯೇಕ ತಪಾಸಣೆ.

ಕೊಲ್ಹಾಪುರದ ಕೆಂಪು, ಬಿಳಿ ಸಾರುಗಳಾದ ತಾಂಬಡಾ ರಸ್ಸಾ, ಪಾಂಢರಾ ರಸ್ಸಾ ವಿಮಾನದ ಕಾನೂನಿನ ಪ್ರಕಾರ ಶಾಂಪೂವಿನ ಜಾತಿ! ಚೆಲ್ಲುವುದು, ಸುರಿಯುವುದು, ಹಚ್ಚುವುದು, ಚಿಮ್ಮುವುದು ಎಲ್ಲವೂ ದ್ರವವೇ. ಅಂತರರಾಷ್ಟ್ರೀಯ ಹಾರಾಟದಲ್ಲಿ ಅಂಥವು 100 ಮಿಲಿಲೀಟರ್ ಮೀರದ ಬಾಟಲಿಯಲ್ಲಿರಬೇಕು, ಎಲ್ಲ ಬಾಟಲಿಯೂ ಒಂದು ಲೀಟರಿನ ಪಾರದರ್ಶಕ ಚೀಲದಲ್ಲಿ ಹಿಡಿಸಬೇಕು. ಅರ್ಧ ಖಾಲಿಯಾದ 200 ಮಿಲಿ ಬಾಟಲಿ ತೋರಿಸಿ ‘ಒಳಗಿರೋದು ನೂರೇ ಅಲ್ಲೇನ್ರಿ’ ಅಂದರೆ ನಡೆಯುವುದಿಲ್ಲ, ಲೆಕ್ಕ ಬಾಟಲಿಯದ್ದು. ಹಾಗಾಗಿ ನರಸೋಬವಾಡಿಯ ಪೇಢೆ ಪಾಸು, ಅದೇ ಅಂಗಡಿಯ ಬಾಸುಂದಿ ನಪಾಸು. ಚುರುಮುರಿಯ ಭಡಂಗ ಪಾಸು. ಮನೆಯ ತುಪ್ಪ, ಉಪ್ಪಿನಕಾಯಿ, ಶೇಂಗಾ ಎಣ್ಣೆ ಲಗೇಜಿಗೆ. ಬೆಳಗಾವಿ ಕುಂದಾ? ಅದು ನೀವು ಎಷ್ಟು ಹೊತ್ತು ಕಾಯಿಸಿದವರ ಅಂಗಡಿಯಲ್ಲಿ ಕೊಂಡಿರಿ ಎನ್ನುವುದರ ಮೇಲಿದೆ. ದೇಶದೊಳಗಿನ ಹಾರಾಟದಲ್ಲಿ ಕುಡಿಯುವ ನೀರಿನ ಬಾಟಲಿಯನ್ನು ಸಾಮಾನ್ಯವಾಗಿ ಬಿಡುತ್ತಾರೆ. ಕೂಸಿನ ಹಾಲು, ಇನ್ಸುಲಿನ್, ಔಷಧಿಗೆ ವಿನಾಯಿತಿಯಿದೆ, ಡಾಕ್ಟರ ಚೀಟಿ ಕೈಯಲ್ಲಿರಲಿ.

ಈ 100 ಮಿಲಿ ಎಲ್ಲಿಂದ ಬಂತು? 2006ರ ಆಗಸ್ಟ್‌ನಲ್ಲಿ ಬ್ರಿಟನ್ ಪೊಲೀಸರು ತಂಪುಪಾನೀಯದ ಬಾಟಲಿಯಲ್ಲಿ ದ್ರವ ಸ್ಫೋಟಕ ಒಯ್ದು ಅಟ್ಲಾಂಟಿಕ್ ದಾಟುವ ವಿಮಾನಗಳನ್ನು ಉಡಾಯಿಸುವ ಸಂಚು ಬಯಲು ಮಾಡಿದರು. ಮೊದಲ ಕೆಲವು ವಾರ ದ್ರವವೇ ಪೂರ್ತಿ ಬಂದ್. ನಂತರ ಬಂದ ರಾಜಿಸೂತ್ರವೇ ಈ ನೂರು. ಚೀಲವನ್ನು ಸುತ್ತಲಿಂದಲೂ ಸೀಳಿ ನೋಡುವ ಸಿಟಿ ಸ್ಕ್ಯಾನರ್ ಹಾಕಿದ ಎಡಿನ್‌ಬರೋದಂಥ ನಿಲ್ದಾಣಗಳಲ್ಲಿ ಈಗ ಎರಡು ಲೀಟರ್‌ವರೆಗೂ ಬಿಡುತ್ತಾರೆ.

ತೆಂಗಿನಕಾಯಿ ವಿಚಾರಕ್ಕೆ ಬರೋಣ. ಕೊಲ್ಹಾಪುರದ ಅಂಬಾಬಾಯಿ ದೇವಿಗೆ ಅರ್ಪಿಸಿದ ಪ್ರಸಾದದ ಕಾಯಿ, ಜ್ಯೋತಿಬಾ ದೇವರ ಕೊಬ್ಬರಿ ಎರಡನ್ನೂ ಕೈಚೀಲದಲ್ಲಿ ಇಟ್ಟವರು ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ. ಇಡೀ ತೆಂಗಿನಕಾಯಿಗೆ ಕ್ಯಾಬಿನ್ನಿನಲ್ಲಿ ಪ್ರವೇಶವಿಲ್ಲ. ಒಣ ಕೊಬ್ಬರಿಯಂತೂ ಜಗತ್ತಿನ ಅಪಾಯಕಾರಿ ಸರಕಿನ ಪಟ್ಟಿಯಲ್ಲೇ ಇದೆ, ಅದಕ್ಕೆ ಯುಎನ್ 1363 ಎಂಬ ಸಂಖ್ಯೆಯೂ ಉಂಟು. ನಗಬೇಡಿ. ಕೊಬ್ಬರಿಯ ಎಣ್ಣೆ ಗಾಳಿಯ ಆಮ್ಲಜನಕದ ಜೊತೆ ಸೇರುತ್ತ ನಿಧಾನಕ್ಕೆ ಬಿಸಿಯಾಗುತ್ತದೆ. ರಾಶಿ ಬಿದ್ದಲ್ಲಿ ಆ ಬಿಸಿ ಹೊರಹೋಗದೆ ಕಿಡಿಯಿಲ್ಲದೆಯೂ ತಾನೇ ಹೊತ್ತಿಕೊಳ್ಳಬಲ್ಲದು. ಕಾಯಿಗೆ ಒಂದೇ ಒಂದು ಪಂಗಡದವರಿಗೆ ರಿಯಾಯಿತಿ: ಶಬರಿಮಲೆಯ ಅಯ್ಯಪ್ಪ ಭಕ್ತರಿಗೆ. 2022ರಲ್ಲೂ 2024ರಲ್ಲೂ ಮಂಡಲ–ಮಕರವಿಳಕ್ಕು ಕಾಲಕ್ಕೆ, ಜನವರಿ 20ರವರೆಗೆ, ಇರುಮುಡಿಯ ತುಪ್ಪದ ಕಾಯಿಯನ್ನು ಕ್ಯಾಬಿನ್ನಿನಲ್ಲಿ ಒಯ್ಯಲು ಅನುಮತಿ ಸಿಕ್ಕಿತು. ಎಕ್ಸ್‌ರೇ, ಸ್ಫೋಟಕದ ಕಣ ಹುಡುಕುವ ಯಂತ್ರ, ಕೈಯ ತಪಾಸಣೆ ಮೂರೂ ಆದಮೇಲೆ ಮಾತ್ರ. ತಾಯಿ ಅಂಬಾಬಾಯಿಯ ಕಾಯಿಗೆ ಅಂಥ ಆದೇಶ ಹೊರಟಿಲ್ಲ, ಆದ್ದರಿಂದ ಗುಡಿಯ ಕಟ್ಟೆಯ ಮೇಲೆಯೇ ಹಂಚಿ ಬನ್ನಿ.

ಪೂಜೆ ಸಾಮಾನಿನಲ್ಲಿ ಕಾಯಿಗಿಂತ ಕಟ್ಟುನಿಟ್ಟು ಕರ್ಪೂರಕ್ಕೆ. ಬೇಗ ಹೊತ್ತುವ ಘನಪದಾರ್ಥವಾದ್ದರಿಂದ ಕೈಚೀಲಕ್ಕೂ ಇಲ್ಲ, ಲಗೇಜಿಗೂ ಇಲ್ಲ. ಕಡ್ಡಿಪೆಟ್ಟಿಗೆ, ಲೈಟರ್‌ಗೂ ನಮ್ಮಲ್ಲಿ ಅದೇ ಉತ್ತರ. ಕುಂಕುಮ, ಅಂಗಾರದ ಪುಟ್ಟ ಪೊಟ್ಟಣಕ್ಕೆ ಯಾರೂ ತಕರಾರು ತೆಗೆಯುವುದಿಲ್ಲ.

ಎಲ್ಲವನ್ನೂ ಲಗೇಜಿಗೆ ಹಾಕು ಅನ್ನುವ ಸಿಬ್ಬಂದಿ ಒಂದನ್ನು ಮಾತ್ರ ಲಗೇಜಿನಿಂದ ತೆಗೆಸುತ್ತಾರೆ. ಅದು ಪವರ್‌ಬ್ಯಾಂಕ್. ಲಿಥಿಯಂ ಬ್ಯಾಟರಿಗೆ ಬೆಂಕಿ ಬಿದ್ದರೆ ಕ್ಯಾಬಿನ್ನಿನಲ್ಲಿ ಯಾರಾದರೂ ನೋಡುತ್ತಾರೆ, ನೀರು ಹಾಕುತ್ತಾರೆ. ಕೆಳಗಿನ ಲಗೇಜು ಕೋಣೆಗೆ ಹಾರುವಾಗ ಯಾರೂ ಇಳಿಯಲಾರರು. ಮಿತಿ 100 ವ್ಯಾಟ್-ಅವರ್. ನಿಮ್ಮದು ಎಷ್ಟು? ಮೇಲೆ ಬರೆದ ಎಂಎಎಚ್ ಅಂಕಿಯನ್ನು 3.7ರಿಂದ ಗುಣಿಸಿ 1000ದಿಂದ ಭಾಗಿಸಿ. 20,000ದ್ದು 74 ಆಯಿತು, ಚಿಂತೆಯಿಲ್ಲ. 30,000ದ್ದು 111, ಕಂಪನಿಯ ಒಪ್ಪಿಗೆ ಬೇಕು. 160 ದಾಟಿದರೆ ಒಯ್ಯುವಂತೆಯೇ ಇಲ್ಲ. ಅಂಕಿ ಅಳಿಸಿಹೋದ ಸಂತೆಯ ಮಾಲನ್ನು ಮನೆಯಲ್ಲೇ ಬಿಡುವುದು ಮೇಲು. 2025ರ ಜನವರಿ 28ರಂದು ದಕ್ಷಿಣ ಕೊರಿಯದಲ್ಲಿ ಹೊರಡಲು ನಿಂತಿದ್ದ ಏರ್ ಬುಸಾನ್ ವಿಮಾನ ತಲೆಮೇಲಿನ ಕಪಾಟಿನಿಂದ ಹೊತ್ತಿ ಉರಿಯಿತು. ಒಳಗಿದ್ದ 176 ಜನರೂ ಪಾರಾದರು. ತನಿಖೆ ಪವರ್‌ಬ್ಯಾಂಕ್ ಕಡೆಗೇ ಬೆರಳು ತೋರಿಸಿತು. ಹಾರುವಾಗ ಅದರಿಂದ ಮೊಬೈಲ್ ಚಾರ್ಜ್ ಮಾಡಬಾರದೆಂದು ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎ ಕೂಡ ಹೇಳಿದೆ. ಕಪಾಟಿನಲ್ಲಿ ಮರೆತಿಡದೆ ಕಣ್ಣೆದುರು ಇಟ್ಟುಕೊಳ್ಳಿ.

ಇಚಲಕರಂಜಿಯಲ್ಲಿ ಮೊದಲ ಪವರ್‌ಲೂಮ್ ಸದ್ದು ಮಾಡಿದ್ದು 1904ರಲ್ಲಿ, ವಿಠ್ಠಲರಾವ್ ದಾತಾರ್ ಅವರಿಂದ. ಇಂದು ಅಲ್ಲಿನ ಮಗ್ಗದ ಫಿಟ್ಟರ್ ರಿಪೇರಿಗೆಂದು ದೂರದ ಊರಿಗೆ ವಿಮಾನ ಹತ್ತಿದರೆ ಪಾನಾ, ಪಕ್ಕಡ, ಸ್ಕ್ರೂಡ್ರೈವರ್, ಸುತ್ತಿಗೆ ಎಲ್ಲ ಲಗೇಜಿಗೆ ಹೋಗಬೇಕು. ನೂಲು ಕತ್ತರಿಸುವ ಚೂಪು ಕತ್ತರಿಯೂ ಅಷ್ಟೇ. ಬಟ್ಟೆಯ ಸ್ಯಾಂಪಲ್ಲು ಎಷ್ಟಿದ್ದರೂ ಕೈಯಲ್ಲಿ ಒಯ್ಯಲಿ. ಆದರೆ ಲಾಳಿ? ಎರಡೂ ತುದಿಗೆ ಕಬ್ಬಿಣದ ಮೊನೆಯಿರುವ ಆ ಮರದ ತುಂಡಿನ ಹೆಸರನ್ನು ಯಾವ ನಿಲ್ದಾಣದ ಗೋಡೆಯ ಚಿತ್ರಪಟದಲ್ಲೂ ನಾನು ಕಂಡಿಲ್ಲ. ಪಟ್ಟಿಯಲ್ಲಿ ಇಲ್ಲದ್ದೆಲ್ಲ ಒಯ್ಯಬಹುದು ಎಂದುಕೊಳ್ಳುವವರು ಎಡವುವುದು ಇಲ್ಲೇ. ಯಂತ್ರದ ಮುಂದೆ ಕೂತವರಿಗೆ ಮೊನೆ ಕಂಡರೆ ಸಾಕು, ಆ ಹೊತ್ತಿಗೆ ಅವರ ತೀರ್ಮಾನವೇ ಕಡೆಯದು. ಲಾಳಿಯೂ ಲಗೇಜಿಗೆ.

ಆಯುಧಕ್ಕೆ ವಿನಾಯಿತಿ ಇಲ್ಲವೇ ಇಲ್ಲವೇ? ಒಂದಿದೆ. 2022ರ ಮಾರ್ಚ್ 4ರ ಆದೇಶದಂತೆ ದೇಶದೊಳಗಿನ ಹಾರಾಟದಲ್ಲಿ ಸಿಖ್ ಪ್ರಯಾಣಿಕರು ಕಿರ್ಪಾಣ ಧರಿಸಬಹುದು. ಅಲಗು 6 ಇಂಚು, ಒಟ್ಟು ಉದ್ದ 9 ಇಂಚು ಮೀರಬಾರದು.

ಸ್ಯಾಟಲೈಟ್ ಫೋನ್ ಅನುಮತಿಯಿಲ್ಲದೆ ಒಯ್ದರೆ ಬಂಧನವೂ ಆದೀತು. ಇ-ಸಿಗರೇಟು 2019ರಿಂದ ದೇಶದಲ್ಲೇ ನಿಷಿದ್ಧ.

ದುಬೈಗೆ ಹೊರಟ ಬೀಗರಿಗೆ ಹೇಳಿ: ಗಸಗಸೆ ಬೇಡವೇ ಬೇಡ. ಇಲ್ಲಿ ಪಾಯಸಕ್ಕೆ ಹಾಕುವ ಕಾಳು ಅಲ್ಲಿ ಮಾದಕವಸ್ತುವಿನ ಕಾನೂನಿಗೆ ಬೀಳುತ್ತದೆ, ಜೈಲು ಕಂಡವರಿದ್ದಾರೆ. ಕೈಚೀಲವಿರಲಿ, ಲಗೇಜಿನಲ್ಲೂ ಬೇಡ. ಮಸಾಲೆಯೊಳಗೆ ರುಬ್ಬಿ ಸೇರಿಸಿದ್ದರೆ ಆ ಮಸಾಲೆಯನ್ನೂ ಬಿಟ್ಟು ಹೋಗಿ.

ಹಳೆಯ ಪಾದರಸದ ಥರ್ಮಾಮೀಟರ್ ಕವಚದ ಸಮೇತ ಲಗೇಜಿನಲ್ಲಿರಬೇಕು. ವಿಮಾನದ ಮೈ ಬಹುಪಾಲು ಅಲ್ಯೂಮಿನಿಯಂ. ಪಾದರಸ ತಾಗಿದರೆ ಆ ಲೋಹ ಒಳಗೊಳಗೇ ತಿಂದುಹೋಗುತ್ತದೆ.

ಒಂದು ಕಾಲಕ್ಕೆ ಕೈಚೀಲದ ಚೀಟಿಗೆ ಠಸ್ಸೆ ಬೀಳದೆ ವಿಮಾನ ಹತ್ತುವಂತಿರಲಿಲ್ಲ. ಠಸ್ಸೆ ಮಾಸಿದರೆ ಮತ್ತೆ ಸರದಿ. 2017ರ ಏಪ್ರಿಲ್ 1ರಿಂದ ಬೆಂಗಳೂರು ಸೇರಿ ಏಳು ದೊಡ್ಡ ನಿಲ್ದಾಣಗಳಲ್ಲಿ ಆ ಪದ್ಧತಿ ಹೋಯಿತು. ಆ ಠಸ್ಸೆ ಒತ್ತುತ್ತಿದ್ದ ಸಿಐಎಸ್‌ಎಫ್ ಭದ್ರತಾ ಪಡೆ ನಿಲ್ದಾಣಗಳಿಗೆ ಬಂದದ್ದು ಕಂದಹಾರ್ ವಿಮಾನ ಅಪಹರಣದ ನಂತರ. ಮೊದಲ ನಿಲ್ದಾಣ ಜೈಪುರ, 2000ದ ಫೆಬ್ರುವರಿ 3. ವಿಮಾನ ಭದ್ರತೆಯ ನಿಯಮ ಮಾಡುವ ಬಿಸಿಎಎಸ್ ಸ್ವತಂತ್ರ ಇಲಾಖೆಯಾದದ್ದು 1987ರಲ್ಲಿ, ಏರ್ ಇಂಡಿಯಾದ ಕನಿಷ್ಕ ವಿಮಾನ ಸ್ಫೋಟದ ಎರಡು ವರ್ಷದ ಮೇಲೆ.

ಕೊಲ್ಹಾಪುರದ ಕುಸ್ತಿಯಲ್ಲಿ ಗೆದ್ದ ಪೈಲವಾನನಿಗೆ ಬೆಳ್ಳಿಯ ಗದೆ ಕೊಡುವುದುಂಟು. ಗದೆ ಬೆಲೆಬಾಳುವ ಬೆಳ್ಳಿಯಾದ್ದರಿಂದ ಕೈಯಲ್ಲಿರಬೇಕು, ಹೊಡೆಯಬಲ್ಲ ದೊಣ್ಣೆಯಾದ್ದರಿಂದ ಕ್ರಿಕೆಟ್ ಬ್ಯಾಟು, ಹಾಕಿ ಕೋಲಿನ ಹಾಗೆ ಲಗೇಜಿನಲ್ಲಿರಬೇಕು. ಇಂಥಲ್ಲಿ ಗೆಲ್ಲುವುದು ಯಾವಾಗಲೂ ದೊಣ್ಣೆಯ ನಿಯಮವೇ. ಗದೆಯನ್ನು ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟು, ಕೌಂಟರಿನಲ್ಲಿ ಬೆಲೆ ಬರೆಸಿ, ಪೈಲವಾನರು ಬರಿಗೈಯಲ್ಲಿ ಹತ್ತುತ್ತಾರೆ.