ಮನೆಯೊಳಗೇ ದಾರಿ ತಪ್ಪುವವರು

ಅರವತ್ತಕ್ಕೆ ಅರಳುಮರಳು ಎಂದು ನಕ್ಕು ಸುಮ್ಮನಾಗುವುದು ಹಿಂದಿನ ವಾಡಿಕೆ. ಆದರೆ ಮುಪ್ಪಿನ ಮರೆವೆಲ್ಲ ಸಹಜವಲ್ಲ. ಡಿಮೆನ್ಷಿಯಾ ಮಿದುಳಿನ ವ್ಯಾಧಿ. 2023ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ ಭಾರತದಲ್ಲಿ 60 ವರ್ಷ ದಾಟಿದವರಲ್ಲಿ ಶೇಕಡಾ 7.4ರಷ್ಟು, ಎಂದರೆ ಸುಮಾರು 88 ಲಕ್ಷ ಮಂದಿ, ಇದಕ್ಕೆ ತುತ್ತಾಗಿದ್ದಾರೆ.

ತಾನಿರುವ ಸ್ಥಳವನ್ನು ಗುರುತಿಸುವ ಜೀವಕೋಶಗಳು ಮಿದುಳಿನ ಹಿಪ್ಪೊಕ್ಯಾಂಪಸ್ ಎಂಬ ಭಾಗದಲ್ಲಿರುವುದನ್ನು ಜಾನ್ ಓಕೀಫ್ 1971ರಲ್ಲಿ ಇಲಿಗಳಲ್ಲಿ ಕಂಡು ತಿಳಿಸಿದರು. 2014ರಲ್ಲಿ ನೊಬೆಲ್ ಪಾರಿತೋಷಕದ ಪಾಲು ಪಡೆದರು. ಆಲ್‌ಜೈಮರ್ ರೋಗ ಮೊದಮೊದಲೇ ಕೆಡಿಸುವ ಭಾಗಗಳಲ್ಲಿ ಅದೂ ಒಂದು. ಆದುದರಿಂದ ರೋಗಿಗೆ ಹೊಸ ಜಾಗದ ಪರಿಚಯ ನೆಲೆಯೂರುವುದಿಲ್ಲ. ಹಳೆಯ ಮನೆಯ ನೆನಪು ಮಾತ್ರ ಬಹುಕಾಲ ಉಳಿಯುತ್ತದೆ.

ಚೆನ್ನೈನ ಕನ್ನಡ ಕುಟುಂಬಗಳ ಕಷ್ಟ ಇಲ್ಲಿಯೇ ಇದೆ. ಊರಿನಲ್ಲಿ ಒಂಟಿಯಾದ ತಾಯಿಯನ್ನು ಮಗ ತ್ಯಾಗರಾಯನಗರದ ಫ್ಲ್ಯಾಟಿಗೆ ಕರೆತರುತ್ತಾನೆ. ಐವತ್ತು ವರ್ಷ ಹಿತ್ತಲ ಬಚ್ಚಲಿಗೆ ನಡೆದ ಕಾಲು ಇಲ್ಲಿ ಬೀರುವಿನ ಮುಂದೆ ನಿಲ್ಲುತ್ತದೆ. ಬಾಗಿಲುಗಳೆಲ್ಲ ಒಂದೇ ಬಣ್ಣ, ಎಲ್ಲವೂ ಮುಚ್ಚಿದವು. ಸಂಜೆಯಾದೊಡನೆ ಮನೆಗೆ ಹೋಗಬೇಕೆಂಬ ಹಟ. ಇದೇ ಮನೆಯೆಂದು ವಾದಿಸಿ ಫಲವಿಲ್ಲ. "ಹೋಗೋಣಮ್ಮ, ಮೊದಲು ಕಾಫಿ ಆಗಲಿ" ಎಂದು ದೀಪ ಹಾಕಿ ಕೂರಿಸುವುದೇ ಲೇಸು.

ಶೌಚದ ಕೋಣೆಯನ್ನು ಮೊದಲು ಗಮನಿಸಬೇಕು. ಬಾಗಿಲು ತೆರೆದಿರಲಿ, ರಾತ್ರಿಯಿಡೀ ದೀಪವಿರಲಿ. ಮಂಚದಿಂದ ಅದು ಕಾಣುವಂತಿದ್ದರೆ ಇನ್ನೂ ಉತ್ತಮ. ಒಳಗಿನ ಚಿಲಕವನ್ನು ತೆಗೆಸಬೇಕು. ಬಾಗಿಲ ಮೇಲೆ ದಪ್ಪ ಕನ್ನಡಾಕ್ಷರದ ಹೆಸರೂ ಚಿತ್ರವೂ ಇರಲಿ, ಬಾಗಿದ ಬೆನ್ನಿನವರ ಕಣ್ಣಿಗೆ ನಿಲುಕುವಷ್ಟು ಕೆಳಗೆ. ಆಕೆ ಬಚ್ಚಲೆನ್ನುತ್ತಿದ್ದರೆ ಬಚ್ಚಲೆಂದೇ ಬರೆಯತಕ್ಕದ್ದು. ಮೊಮ್ಮಕ್ಕಳೇ ಬರೆಯಲಿ; ಆ ನೆಪದಲ್ಲಾದರೂ ಅವರಿಗೆ ನಾಲ್ಕು ಅಕ್ಷರ ಬಂದೀತು! ಕಪ್ಪು ಕಾಲೊರಸು ರೋಗಿಯ ಕಣ್ಣಿಗೆ ಹಳ್ಳದಂತೆ ತೋರಬಹುದು. ಕನ್ನಡಿಯೊಳಗಿನ ಬಿಂಬ ಪರಕೀಯರಂತೆ ಕಾಣಬಹುದು. ಅವನ್ನು ತೆಗೆದಿಡುವುದು ಕ್ಷೇಮ. ಊರಿನಿಂದ ತಂದ ಟ್ರಂಕು, ದೇವರ ಪಟ ಆಕೆಯ ಕೋಣೆಯಲ್ಲಿರಲಿ. ಒಮ್ಮೆ ಇಟ್ಟ ಸಾಮಾನನ್ನು ಹಬ್ಬಕ್ಕೆಂದೂ ಕದಲಿಸಬಾರದು.

ಗೊಂದಲ ಒಂದೆರಡು ದಿನಗಳಲ್ಲೇ ಹಠಾತ್ತಾಗಿ ಹೆಚ್ಚಿದರೆ ಮೂತ್ರದ ಸೋಂಕೋ ಔಷಧಿಯ ದೋಷವೋ ಇದ್ದೀತು. ತಡಮಾಡದೆ ವೈದ್ಯರಿಗೆ ತೋರಿಸಬೇಕು. ಬಿ-12 ಜೀವಸತ್ವದ ಕೊರತೆ, ಥೈರಾಯ್ಡ್ ನ್ಯೂನತೆಗಳಿಂದಲೂ ಮರೆವು ಬರುವುದುಂಟು, ಅವಕ್ಕೆ ಚಿಕಿತ್ಸೆಯಿದೆ. ನಗರದಲ್ಲಿ 1984ರಲ್ಲಿ ಸ್ಥಾಪಿತವಾದ ಸ್ಕಾರ್ಫ್ ಸಂಸ್ಥೆ ಡಿಮೆನ್ಷಿಯಾ ಆರೈಕೆಯಲ್ಲಿಯೂ ತೊಡಗಿದೆ.

ಇನ್ನೊಂದು ಮಾತು. ಹೊರಗೆ ದಾರಿ ತಪ್ಪಿದ ತಾಯಿ ಕನ್ನಡದಲ್ಲೇ ವಿಚಾರಿಸುತ್ತಾಳೆ. ಬೀದಿಯವರಿಗೆ ಅದು ತಿಳಿಯದೆ ಹೋಗಬಹುದು. ವಿಳಾಸ, ದೂರವಾಣಿ ಸಂಖ್ಯೆಗಳನ್ನು ತಮಿಳಿನಲ್ಲಿ ಬರೆದ ಚೀಟಿ ಆಕೆಯ ಸೆರಗಿನಲ್ಲೋ ಚೀಲದಲ್ಲೋ ಸದಾ ಇರಲಿ.